ಲ್ಯಾಪ್‌ಟಾಪಿಗೂ ಜ್ವರ ಬರುತ್ತದೆ!

ಹಿಂದೆಲ್ಲ ನಮ್ಮ ಮನೆಗಳಲ್ಲಿ ಬಿಸಿಯಾಗುವ ವಸ್ತುಗಳೆಂದರೆ ಬೆರಳೆಣಿಕೆಯಷ್ಟು. ಒಲೆ, ನೀರು ಕಾಯಿಸುವ ಹಂಡೆ, ರೊಟ್ಟಿ ಹಂಚು, ಇಸ್ತ್ರಿಪೆಟ್ಟಿಗೆ. ಇವೆಲ್ಲ ಬಿಸಿಯಾಗಲೆಂದೇ ಇರುವಂಥವು. ಬಿಸಿಯಾಗದಿದ್ದರೆ ನಮಗೆ ಚಿಂತೆ. ಈಗ ಬಿಸಿಯಾಗಬಾರದ ವಸ್ತುವೊಂದು ಮನೆ ಸೇರಿಕೊಂಡು ದಿನಾ ಬಿಸಿಯಾಗುತ್ತಿದೆ. ಅದೇ ಲ್ಯಾಪ್‌ಟಾಪ್.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಮನೆಗಳಿಗೆ ಈ ಯಂತ್ರ ಹೇಗೆ ಬಂತು ಎಂಬುದನ್ನು ನೀವೇ ಬಲ್ಲಿರಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ಕೆಲವರು ಸಾಲ ಮಾಡಿ ಕೊಂಡರು. ಕೆಲವು ಮನೆಗಳಿಗೆ ಸರ್ಕಾರಿ ಪದವಿ ಕಾಲೇಜಿನಲ್ಲಿ ಓದುವ ಮಕ್ಕಳ ಮೂಲಕ ಬಂತು. ಇನ್ನುಳಿದ ಮನೆಗಳಿಗೆ ಬಂದದ್ದು ಬೆಂಗಳೂರಿನಿಂದ. ಅಣ್ಣನ ಪ್ಯಾಂಟು ತಮ್ಮನಿಗೆ ಬರುವ ಹಾಗೆ, ಮಗ ಹೊಸದು ಕೊಂಡಾಗ ಹಳೆಯದು ಊರಿಗೆ ಬರುತ್ತದೆ. ಬಂದದ್ದು ಸುಮ್ಮನೆ ಕೂತಿಲ್ಲ. ಸ್ತ್ರೀಶಕ್ತಿ ಸಂಘದ ಲೆಕ್ಕ, ಸೀರೆ ವ್ಯಾಪಾರದವರ ವಿಳಾಸ, ಮಗಳ ಪ್ರಾಜೆಕ್ಟು, ನಾಮಕರಣದಿಂದ ಹಿಡಿದು ಮದುವೆಯವರೆಗಿನ ಫೋಟೊ, ಎಲ್ಲವೂ ಅದರ ಹೊಟ್ಟೆಯೊಳಗೇ ಇವೆ.

ಹಾಗಿರುವಾಗ ಅದಕ್ಕೆ ಜ್ವರ ಬಂದರೆ ನೋಡಬೇಕಾದವರು ಯಾರು? ಮಗನೋ ಬೆಂಗಳೂರಿನಲ್ಲಿ, ಮಗಳೋ ಹಾಸ್ಟೆಲಿನಲ್ಲಿ. ಮನೆಯಲ್ಲಿರುವವರು ನಾವೇ. ಕೊಳ್ಳೇಗಾಲದವರೆಂದರೆ ಹೊರಗಿನ ಊರಿನವರು “ನಿಮ್ಮಲ್ಲಿ ಎಲ್ಲಕ್ಕೂ ತಾಯತ ಸಿಗುತ್ತದಂತಲ್ಲ” ಎಂದು ನಗುತ್ತಾರೆ. ಹಾರ್ಡ್ ಡಿಸ್ಕಿನ ಜ್ವರಕ್ಕೆ ಮಾತ್ರ ಯಾವ ತಾಯತವೂ ಇಲ್ಲ. ಆದರೆ ಮನೆಮದ್ದು ಇದೆ. ಅದಕ್ಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನನಗೆ ಅರ್ಥವಾಗಿದೆ ಎಂದ ಮೇಲೆ ನಿಮಗೆ ಆಗದೇ ಇರುತ್ತದೆಯೆ?

ಒಳಗೆ ತಿರುಗುವ ತಟ್ಟೆ

ಲ್ಯಾಪ್‌ಟಾಪಿನಲ್ಲಿ ನಾವು ಇಟ್ಟದ್ದೆಲ್ಲ ಕೂಡಿರುವ ಜಾಗಕ್ಕೆ ಹಾರ್ಡ್ ಡಿಸ್ಕ್ ಎನ್ನುತ್ತಾರೆ. ಅದನ್ನು ಮನೆಯ ಕಣಜ ಎಂದುಕೊಳ್ಳಿ. ಅಂಗೈಯಗಲದ ಒಂದು ಲೋಹದ ಡಬ್ಬಿ. ಅದರೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ. ಲ್ಯಾಪ್‌ಟಾಪುಗಳಲ್ಲಿ ಬರುವ ಸಾಮಾನ್ಯ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 90 ಸುತ್ತು! ನಮ್ಮ ಅಜ್ಜಿಯರು ರಾಗಿಕಲ್ಲು ತಿರುಗಿಸಿದ್ದನ್ನು ನೆನೆಸಿಕೊಂಡರೆ ಈ ವೇಗ ಎಂಥದೆಂದು ಊಹಿಸಬಹುದು. ಆ ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳಿನಂಥ ಒಂದು ತೋಳು ಅತ್ತಿಂದಿತ್ತ ಓಡಾಡುತ್ತಾ ಓದುತ್ತದೆ, ಬರೆಯುತ್ತದೆ. ಆದರೆ ಗ್ರಾಮಫೋನಿನ ಮುಳ್ಳು ತಟ್ಟೆಗೆ ತಾಗುತ್ತದೆ, ಇದು ತಾಗುವುದಿಲ್ಲ. ನಮ್ಮ ತಲೆಗೂದಲೊಂದರ ದಪ್ಪವನ್ನು ಹಲವು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತಿರುತ್ತದೆ. ತಾಗಿತೋ, ತಟ್ಟೆ ಗೀರಿ ಹೋಯಿತೆಂದೇ ಲೆಕ್ಕ.

ಇಂಥ ಯಂತ್ರ ಮೊದಲು ಬಂದದ್ದು 1956ರಲ್ಲಿ, ಅಮೆರಿಕದ ಐ.ಬಿ.ಎಂ. ಕಂಪನಿಯಿಂದ. ಅದೇ ವರ್ಷ ನವೆಂಬರ್ 1ರಂದು ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಇವತ್ತಿನ ಹನೂರು ತಾಲ್ಲೂಕೂ ಆಗ ಅದರೊಳಗೇ ಇತ್ತು. ಆ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳು. ತೂಕ ಸುಮಾರು ಒಂದು ಟನ್. ಅಷ್ಟೆಲ್ಲ ಇದ್ದೂ ಅದರಲ್ಲಿ ಹಿಡಿಯುತ್ತಿದ್ದದ್ದು 5 ಎಂ.ಬಿ. ಮಾತ್ರ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೊಗೆ ಅದು ಭರ್ತಿ!

ಒಂದು ಮಾತು. ಈಚೆಗೆ ಬರುವ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆ ಇಲ್ಲ. ಅವುಗಳಲ್ಲಿರುವುದು ಎಸ್.ಎಸ್.ಡಿ. ಎಂಬ ಬೇರೆ ಬಗೆ. ಅದೂ ಬಿಸಿಯಾಗುತ್ತದೆ. ಆದರೆ ಒಳಗೆ ಅಲುಗಾಡುವ ಭಾಗಗಳಿಲ್ಲದ ಕಾರಣ ಅಷ್ಟು ನಾಜೂಕಲ್ಲ. ನಿಮ್ಮ ಮನೆಯದು ಯಾವುದೆಂದು ತಿಳಿಯಬೇಕೆ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಗುಂಡಿಗಳನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಎಂಬಲ್ಲಿ ಎಚ್.ಡಿ.ಡಿ. ಎಂದಿದ್ದರೆ ತಿರುಗುವ ತಟ್ಟೆ, ಎಸ್.ಎಸ್.ಡಿ. ಎಂದಿದ್ದರೆ ಹೊಸ ಬಗೆ. ಬೆಂಗಳೂರಿನಿಂದ ಬಂದ ಹಳೆಯ ಯಂತ್ರವಾದರೆ ತಟ್ಟೆಯದೇ ಆಗಿರುವ ಸಂಭವ ಹೆಚ್ಚು.

ಬಿಸಿ ಎಲ್ಲಿಂದ ಬರುತ್ತದೆ?

ತಟ್ಟೆ ತಿರುಗಿಸುವ ಮೋಟಾರಿನಿಂದ ಸ್ವಲ್ಪ ಬಿಸಿ ಹುಟ್ಟುತ್ತದೆ, ನಿಜ. ಆದರೆ ಡಿಸ್ಕ್ ಎಳೆಯುವ ಕರೆಂಟು ಸುಮಾರು 2 ವ್ಯಾಟ್ ಅಷ್ಟೆ. ಪಕ್ಕದಲ್ಲೇ ಪ್ರೊಸೆಸರ್ ಎಂಬ ದೊಡ್ಡ ಒಲೆ ಉರಿಯುತ್ತಿರುತ್ತದೆ. ಅದು 15 ವ್ಯಾಟ್‌ನಿಂದ 45 ವ್ಯಾಟ್‌ವರೆಗೂ ಎಳೆಯಬಹುದು. ಒಲೆಯ ಪಕ್ಕ ಬೆಣ್ಣೆ ಇಟ್ಟರೆ ಅದು ತಾನಾಗಿಯೇ ಕರಗುವುದಿಲ್ಲವೆ? ಹಾಗೆಯೇ ಇದು. ಆ ಒಲೆಯ ಬಿಸಿಯನ್ನು ಹೊರಗೆ ತಳ್ಳಲು ಒಳಗೊಂದು ಪುಟ್ಟ ಫ್ಯಾನಿದೆ. ತಳದ ಕಿಂಡಿಯಿಂದ ಗಾಳಿ ಎಳೆದುಕೊಂಡು ಪಕ್ಕದ ಕಿಂಡಿಯಿಂದ ಬಿಡುತ್ತದೆ. ಆ ಕಿಂಡಿ ಮುಚ್ಚಿದರೆ ಬಿಸಿಯೆಲ್ಲ ಒಳಗೇ.

ಇದಕ್ಕೆ ನಮ್ಮ ಸೀಮೆಯ ಬಿಸಿಲೂ ಸೇರಿಕೊಳ್ಳುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಕೇಳಬೇಕೆ? ಬಿಳಿಗಿರಿರಂಗನ ಬೆಟ್ಟದ ಮೇಲೆ ತಂಪಿದ್ದರೂ ಕೆಳಗೆ ಯಳಂದೂರಿನ ಬಯಲಲ್ಲಿ ಸೆಖೆ. ಹನೂರಿನ ಕಡೆ ಶೀಟು ಹೊದಿಸಿದ ಮನೆಗಳಲ್ಲಿ ಮಧ್ಯಾಹ್ನ ಕೂರುವುದೇ ಕಷ್ಟ. ಲೆಕ್ಕ ಹಾಕಿ ನೋಡಿ: ಕೆಲಸ ಮಾಡುತ್ತಿರುವ ಡಿಸ್ಕು ಸಾಮಾನ್ಯವಾಗಿ ಕೋಣೆಗಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಕೋಣೆ 25 ಡಿಗ್ರಿ ಇದ್ದರೆ ಡಿಸ್ಕು 40ರ ಒಳಗೇ ಇರುತ್ತದೆ. ಕೋಣೆಯೇ 38 ಡಿಗ್ರಿ ಆದರೆ ಡಿಸ್ಕು 50 ದಾಟಿತೆಂದು ತಿಳಿಯಿರಿ. ಸಾಮಾನ್ಯವಾಗಿ ತಯಾರಕರು ಹಾಕಿರುವ ಮೇಲ್ಮಿತಿ 60 ಡಿಗ್ರಿ.

ಬಿಸಿ ಹೆಚ್ಚಾದಂತೆ ಲೋಹ ಹಿಗ್ಗುತ್ತದೆ, ತೋಳಿಗೆ ತಾನು ಓದಬೇಕಾದ ಗೆರೆ ಸಿಗದೆ ಮತ್ತೆ ಮತ್ತೆ ಹುಡುಕುತ್ತದೆ. ಆಗ ನಮಗೆ ಕಾಣುವುದೇನು? ಫೋಟೊ ತೆರೆಯಲು ಎರಡು ನಿಮಿಷ, ಪರದೆ ಮೇಲೆ ಬುಗುರಿಯಂತೆ ಸುತ್ತುವ ಗುರುತು, “ಈ ಹಾಳಾದ್ದು ನಿಂತೇ ಹೋಯ್ತು” ಎಂಬ ನಮ್ಮ ಗೊಣಗಾಟ.

ಹುಳುಮನೆಯ ಥರ್ಮಾಮೀಟರು

ರೇಷ್ಮೆ ಹುಳು ಸಾಕಿದ ಮನೆಯ ಹೆಣ್ಣುಮಕ್ಕಳಿಗೆ ನಾನು ಈ ವಿಷಯ ಹೆಚ್ಚು ಹೇಳಬೇಕಿಲ್ಲ. ಮರಿ ಹುಳುವಿಗೆ 27-28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24-25 ಸಾಕು ಎಂಬುದು ಅವರಿಗೆ ಬಾಯಿಪಾಠ. ಗೋಡೆಯ ಥರ್ಮಾಮೀಟರು ನೋಡದೆ ಅವರು ಸೊಪ್ಪು ಹಾಕುವುದಿಲ್ಲ. ಹುಳುವಿಗೆ ನಾಲ್ಕು ಜ್ವರ ಬರುತ್ತದೆ, ಪ್ರತಿ ಜ್ವರ ಎದ್ದ ಮೇಲೂ ಹುಳು ಪೊರೆ ಬಿಟ್ಟು ದಪ್ಪವಾಗುತ್ತದೆ. ಆ ಜ್ವರ ಒಳ್ಳೆಯ ಜ್ವರ. ಲ್ಯಾಪ್‌ಟಾಪಿನ ಜ್ವರ ಹಾಗಲ್ಲ. ಅದರಿಂದ ಎದ್ದರೆ ಬೆಳೆಯುವುದೇನೂ ಇಲ್ಲ, ಸವೆಯುವುದೇ.

ಲ್ಯಾಪ್‌ಟಾಪಿಗೆ ಥರ್ಮಾಮೀಟರು ಬೇರೆ ಕೊಳ್ಳಬೇಕಿಲ್ಲ. ಹೆಚ್ಚಿನ ಡಿಸ್ಕುಗಳ ಒಳಗೇ ಒಂದು ಇದೆ. ಅದನ್ನು ಓದಿ ಹೇಳುವ ಪುಕ್ಕಟೆ ತಂತ್ರಾಂಶಗಳಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಜಪಾನಿನದೊಂದು ಹೆಸರಾದದ್ದು. ಮಗನಿಗೋ ಪಕ್ಕದ ಮನೆ ಹುಡುಗಿಗೋ ಹೇಳಿ ಒಮ್ಮೆ ಹಾಕಿಸಿಕೊಳ್ಳಿ. ತೆರೆದ ಕೂಡಲೇ ಎರಡು ವಿಷಯ ಕಾಣಿಸುತ್ತದೆ. ಒಂದು, ಡಿಸ್ಕು ಎಷ್ಟು ಡಿಗ್ರಿ ಇದೆ ಎಂಬುದು. ಇನ್ನೊಂದು, ಅದರ ಆರೋಗ್ಯ: ನೀಲಿಯಾದರೆ ಚೆನ್ನ, ಹಳದಿಯಾದರೆ ಎಚ್ಚರ, ಕೆಂಪಾದರೆ ಅಪಾಯ. ಡಿಗ್ರಿಯ ಲೆಕ್ಕವನ್ನು ಹೀಗೆ ನೆನಪಿಟ್ಟುಕೊಳ್ಳಿ:

45ರವರೆಗೆ: ನಿಶ್ಚಿಂತೆ.
45ರಿಂದ 50: ಕಿಂಡಿ ಮುಚ್ಚಿದೆಯೇ, ಧೂಳು ತುಂಬಿದೆಯೇ ನೋಡಿ.
50 ದಾಟಿದರೆ: ಕೆಲಸ ನಿಲ್ಲಿಸಿ, ಕ್ರಮವಾಗಿ ಆಫ್ ಮಾಡಿ, ಅರ್ಧ ಗಂಟೆ ಬಿಡಿ.
60 ಮುಟ್ಟಿದರೆ: ಮತ್ತೆ ಕೆಲಸಕ್ಕೆ ಹಚ್ಚುವ ಮುನ್ನ ರಿಪೇರಿಯವರಿಗೆ ತೋರಿಸಿ.

ತಂಪು ಮಾಡುವ ಬಗೆ

ಎಲ್ಲಕ್ಕಿಂತ ಮೊದಲು, ಹಾಸಿಗೆಯಿಂದ ಅದನ್ನು ಎಬ್ಬಿಸಿ. ದಿಂಬು, ರಗ್ಗು, ಮಡಿಲಿನ ಸೀರೆಯ ನೆರಿಗೆ ಇವೆಲ್ಲ ತಳದ ಕಿಂಡಿಯನ್ನು ಮುಚ್ಚುತ್ತವೆ. ಊಟದ ಮಣೆ ಇದ್ದರೆ ಅದರ ಮೇಲಿಡಿ. ಹಿಂಭಾಗದ ಎರಡು ಮೂಲೆಗಳ ಕೆಳಗೆ ಒಂದೇ ಎತ್ತರದ ಎರಡು ಬಾಟಲಿ ಮುಚ್ಚಳ ಕೊಟ್ಟರೆ ತಳದಲ್ಲಿ ಗಾಳಿಯಾಡುತ್ತದೆ. ಕಾಸು ಖರ್ಚಿಲ್ಲ. ಫ್ಯಾನಿರುವ ಕೂಲಿಂಗ್ ಪ್ಯಾಡ್ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮೊದಲು ಈ ಮುಚ್ಚಳದ ಉಪಾಯ ನೋಡಿ, ಸಾಲದಿದ್ದರೆ ಕೊಳ್ಳುವಿರಂತೆ.

ಎರಡನೆಯದು ಧೂಳು. ಅಡುಗೆಮನೆಯ ಒಗ್ಗರಣೆ ಹೊಗೆಯ ಜಿಡ್ಡಿಗೆ ಧೂಳು ಅಂಟಿಕೊಂಡು ಫ್ಯಾನಿನ ಮುಂದೆ ಕಂಬಳಿಯಂತೆ ಕೂರುತ್ತದೆ. ಹುಳು ಸಾಕುವ ಮನೆಯಾದರೆ ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿಯೂ ಹಾರುತ್ತಿರುತ್ತದೆ. ಆ ಕೋಣೆಗೆ ಲ್ಯಾಪ್‌ಟಾಪ್ ಒಯ್ಯಲೇಬೇಡಿ. ತಿಂಗಳಿಗೊಮ್ಮೆ ಆಫ್ ಮಾಡಿ, ಚಾರ್ಜರ್ ಕಿತ್ತು, ಒಣಗಿದ ಮೆತ್ತನೆ ಬ್ರಷ್ಷಿನಿಂದ ಕಿಂಡಿಗಳನ್ನು ಹೊರಗಿನಿಂದ ಗುಡಿಸಿ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಲ್ಲವರ ಕೈಲಿ ತಳ ಬಿಚ್ಚಿಸಿ ಫ್ಯಾನು ಶುಚಿ ಮಾಡಿಸಿ. ಪ್ರೊಸೆಸರಿನ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಅದನ್ನೂ ಹೊಸದಾಗಿ ಹಚ್ಚಿಸಿ.

ಮೂರನೆಯದು ಜಾಗ ಮತ್ತು ಹೊತ್ತು. ಬಿಸಿಲು ಬೀಳುವ ಕಿಟಕಿಯ ಬಳಿ, ಫ್ರಿಜ್ಜಿನ ಮೇಲೆ, ಯು.ಪಿ.ಎಸ್. ಪಕ್ಕ ಇಡಬೇಡಿ. ಹೊಲಿಗೆ ಯಂತ್ರದ ಮೇಜು ಅನುಕೂಲವಾಗಿ ಕಂಡೀತು. ಆದರೆ ನೀವು ತುಳಿಯುವಾಗ ಮೇಜು ಅದುರುತ್ತದೆ, ಅದುರಿದರೆ ತೇಲುವ ತೋಳು ತಟ್ಟೆಗೆ ತಾಗುವ ಭಯ. ಮಗ್ಗದ ಮನೆಗೂ ಇದೇ ಮಾತು. ದೊಡ್ಡ ಕೆಲಸವಿದ್ದರೆ ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮುಗಿಸಿ.

ನಾಲ್ಕನೆಯದು ಪ್ರಯಾಣ. ಮುಚ್ಚಳ ಮುಚ್ಚಿದ ಮಾತ್ರಕ್ಕೆ ಲ್ಯಾಪ್‌ಟಾಪ್ ಮಲಗಿತೆಂದು ನಂಬಬೇಡಿ. ಕೆಲವೊಮ್ಮೆ ಒಳಗೆ ಎಚ್ಚರವಾಗಿಯೇ ಇರುತ್ತದೆ. ಹಾಗೇ ಬ್ಯಾಗಿಗೆ ತುರುಕಿ ಬಸ್ಸು ಹತ್ತಿದರೆ, ಗಾಳಿಯಿಲ್ಲದೆ ಬೆವರುತ್ತಾ, ಗುಂಡಿ ಬಿದ್ದ ರಸ್ತೆಯಲ್ಲಿ ತಟ್ಟೆ ತಿರುಗುತ್ತಲೇ ಕುಲುಕಾಡುತ್ತಾ ಊರು ಸೇರುತ್ತದೆ. ಹೊರಡುವ ಮುನ್ನ ಪೂರ್ತಿ ಆಫ್ ಮಾಡಿ, ದೀಪ ಆರಿದ್ದು ನೋಡಿ, ಆಮೇಲೆ ಬ್ಯಾಗಿಗೆ ಹಾಕಿ.

ಐದನೆಯದು ಕರೆಂಟು. ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ಜಲಪಾತದ ಮಗ್ಗುಲಲ್ಲೇ ಇರುವ ನಮಗೆ ಕರೆಂಟು ಹೋಗುವುದು ಮಾತ್ರ ತಪ್ಪಲಿಲ್ಲ! ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪನ್ನು ನೇರ ಚಾರ್ಜರಿನ ಮೇಲೇ ಓಡಿಸುವವರು ಬಹಳ ಮಂದಿ. ಕರೆಂಟು ಹೋದ ಕ್ಷಣ ಡಿಸ್ಕು ಏನು ಮಾಡುತ್ತದೆ ಗೊತ್ತೆ? ತಿರುಗುತ್ತಿರುವ ತಟ್ಟೆಯ ವೇಗದಿಂದಲೇ ಒಂದಿಷ್ಟು ವಿದ್ಯುತ್ ಹುಟ್ಟಿಸಿಕೊಂಡು, ಅದರ ಬಲದಿಂದ ತೋಳನ್ನು ತಟ್ಟೆಯಿಂದ ಆಚೆ ಸರಿಸಿಕೊಳ್ಳುತ್ತದೆ. ಜಾಣ ಯಂತ್ರವೇ ಸರಿ. ಆದರೆ ಆ ಕ್ಷಣ ಬರೆಯುತ್ತಿದ್ದ ಲೆಕ್ಕ ಅರ್ಧಕ್ಕೇ ಹೋಗುತ್ತದೆ. ಆದ್ದರಿಂದ ಹೊಸ ಬ್ಯಾಟರಿ ಹಾಕಿಸುವುದು ದುಂದಲ್ಲ. ಬ್ಯಾಟರಿ ಉಬ್ಬಿದ್ದರಂತೂ ಒಂದು ದಿನವೂ ಇಟ್ಟುಕೊಳ್ಳಬೇಡಿ, ಬೆಂಕಿಯ ಭಯವಿದೆ.

ಇವನ್ನು ಮಾಡಲೇಬೇಡಿ

ಬಿಸಿಯಾಯಿತೆಂದು ಒದ್ದೆ ಬಟ್ಟೆ ಹಾಸುವುದು, ಐಸ್ ಇಡುವುದು, ಡಿಸ್ಕು ಬಿಚ್ಚಿ ಫ್ರಿಜ್ಜಿನಲ್ಲಿಡುವುದು ಇವೆಲ್ಲ ಯಾರೋ ಯಾರಿಗೋ ಹೇಳಿದ ಉಪಾಯಗಳು. ಹುಳುಮನೆಗೆ ಒದ್ದೆ ಗೋಣಿ ಕಟ್ಟಿದರೆ ಹುಳು ಬದುಕುತ್ತದೆ, ಲ್ಯಾಪ್‌ಟಾಪಿಗೆ ಕಟ್ಟಿದರೆ ಅದು ಸಾಯುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಮೈಮೇಲೆ ಬೆವರು ಮೂಡುವುದನ್ನು ನೋಡಿದ್ದೀರಲ್ಲ? ಫ್ರಿಜ್ಜಿನಿಂದ ತೆಗೆದ ಡಿಸ್ಕಿನಲ್ಲೂ ಹಾಗೆಯೇ ತೇವ ಮೂಡುತ್ತದೆ. ಡಿಸ್ಕಿನ ಡಬ್ಬಿಯನ್ನು ಬಿಚ್ಚಬೇಡಿ, ಒಂದು ಕಣ ಧೂಳು ತಟ್ಟೆಗೆ ಬಂಡೆಯಿದ್ದಂತೆ. ಆ ಡಬ್ಬಿಯ ಮೇಲೆ ಸೂಜಿಮೊನೆಯಂಥ ಒಂದು ರಂಧ್ರ ಕಾಣಬಹುದು. ಒಳ ಹೊರಗಿನ ಗಾಳಿಯ ಒತ್ತಡ ಸರಿದೂಗಲು ಅದನ್ನು ಬಿಟ್ಟಿರುತ್ತಾರೆ. ಅದರ ಮೇಲೆ ಚೀಟಿ ಅಂಟಿಸಬೇಡಿ.

ತಂಪಾಗಿದ್ದರೆ ಸಾಕೆ?

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ನೀವು ಚಾಚೂ ತಪ್ಪದೆ ಮಾಡಿದಿರಿ ಎನ್ನೋಣ. ಡಿಸ್ಕು ಉಳಿಯುತ್ತದೆಯೆ? ಹೆಚ್ಚು ಕಾಲ ಬಾಳಬಹುದು. ಆದರೆ ಖಾತ್ರಿ ಇಲ್ಲ. ಗೂಗಲ್ ಕಂಪನಿಯ ಮೂವರು ಇಂಜಿನಿಯರುಗಳು ತಮ್ಮಲ್ಲಿದ್ದ 1 ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕುಗಳ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ತುಂಬಾ ಬಿಸಿಯಾದ ಡಿಸ್ಕುಗಳೂ, ಬಿಸಿಯಲ್ಲಿ ಹಳೆಯದಾದ ಡಿಸ್ಕುಗಳೂ ಹೆಚ್ಚು ಕೆಟ್ಟಿದ್ದವು, ನಿಜ. ಆದರೆ ತಂಪಾಗಿದ್ದವೂ ಕೆಟ್ಟಿದ್ದವು. ಅಷ್ಟೇ ಅಲ್ಲ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳು ತಜ್ಞರು ಮುಖ್ಯವೆಂದು ನೋಡುವ ನಾಲ್ಕು ಎಚ್ಚರಿಕೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಹೇಳದೆ ಕೇಳದೆ ಹೋಗಿಬಿಟ್ಟವು.

ನನ್ನ ನಾದಿನಿಯನ್ನು ಹನೂರಿನ ಕಡೆಗೆ ಕೊಟ್ಟಿದೆ. ಅವಳ ಯಜಮಾನರು 2021ರಲ್ಲಿ ತೀರಿಕೊಂಡರು. ಒಳ್ಳೆಯ ಕಂಠ. ಸೋಮವಾರದ ಭಜನೆಯಲ್ಲಿ ಮಾದಪ್ಪನ ಪದಕ್ಕೆ ಅವರೇ ದನಿ ಎತ್ತಬೇಕಿತ್ತು. ನಾದಿನಿ ಅದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಮೊಬೈಲು ತುಂಬಿತೆಂದು ಮಗಳು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿದಳು. 2023ರ ಬೇಸಿಗೆಯಲ್ಲಿ ಆ ಲ್ಯಾಪ್‌ಟಾಪ್ ಕಾದ ಕಾವಲಿಯಂತಾಗಿ ಒಂದು ದಿನ ನಿಂತೇ ಹೋಯಿತು. ಅಂಗಡಿಗೆ ಕೊಟ್ಟರು. ಮೂರನೇ ದಿನ ಅಂಗಡಿಯವನು ನಗುನಗುತ್ತಲೇ ವಾಪಸು ಕೊಟ್ಟ: “ಹೊಸ ಡಿಸ್ಕ್ ಹಾಕಿದೀನಿ ಅಕ್ಕಾ, ಕುದುರೆ ಥರ ಓಡುತ್ತೆ.” ಹಳೆಯದೆಲ್ಲಿ ಎಂದರೆ ಗುಜರಿಗೆ ಹೋಗಿತ್ತು. ಅವನೇನೂ ಕೆಟ್ಟವನಲ್ಲ. ಯಂತ್ರ ಸರಿ ಮಾಡೆಂದರು, ಸರಿ ಮಾಡಿದ. ಒಳಗೆ ಏನಿತ್ತೆಂದು ಅವನಿಗೇನು ಗೊತ್ತು?

ನಾದಿನಿ ನನ್ನೊಡನೆ ಆಡಿದ್ದು ಒಂದೇ ಮಾತು. “ಪಟ ಗೋಡೆ ಮ್ಯಾಲೆ ಅದೆ ಅತ್ತಿಗೆ. ದನಿ ಎಲ್ಲದೆ ಹೇಳಿ?”

ಅದಕ್ಕೆ ನಾನು ಏನೆಂದೇನು? ಅದಕ್ಕೇ ಸೋದರಿಯರೆ, ಲ್ಯಾಪ್‌ಟಾಪ್ ಬಿಸಿಯಾದರೆ ‘ತಂಪು ಮಾಡುವುದು ಹೇಗೆ’ ಎಂದು ಕೇಳುವ ಮೊದಲು ‘ಇದರೊಳಗೆ ಇರುವುದು ಇನ್ನೆಲ್ಲಾದರೂ ಇದೆಯೆ’ ಎಂದು ಕೇಳಿ. ಯಂತ್ರ ಹೋದರೆ ಇನ್ನೊಂದು ಬರುತ್ತದೆ.

ಬಿತ್ತನೆ ರಾಗಿಯ ಬುದ್ಧಿ

ನಮ್ಮ ಹಿರಿಯ ಹೆಂಗಸರು ಬಿತ್ತನೆ ರಾಗಿಯನ್ನು ಉಣ್ಣುವ ರಾಗಿಯ ಜತೆ ಬೆರೆಸುತ್ತಿರಲಿಲ್ಲ. ಬೇರೆ ಗುಡಾಣದಲ್ಲಿ ಬೂದಿ ಬೆರೆಸಿ ಇಡುತ್ತಿದ್ದರು. ತವರಿನವರಿಗೂ ಒಂದಷ್ಟು ಕೊಡುತ್ತಿದ್ದರು. ತಮ್ಮಲ್ಲಿ ಹುಳ ಹಿಡಿದರೆ ಅಲ್ಲಿಂದ ತರಬಹುದಲ್ಲ ಎಂಬ ಲೆಕ್ಕ. ಕಂಪ್ಯೂಟರ್ ಬಲ್ಲವರು ಇಂದು ಹೇಳುವುದೂ ಇದನ್ನೇ: ಮುಖ್ಯವಾದದ್ದು ಮೂರು ಕಡೆ ಇರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಮನೆಯಲ್ಲಿರಲಿ. ಲ್ಯಾಪ್‌ಟಾಪಿನಲ್ಲಿ ಒಂದು, ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಇನ್ನೊಂದು. ಆ ಮೂರನೆಯದು ನಿಮ್ಮ ತವರುಮನೆಯ ಬೀರುವಿನಲ್ಲಿರಲಿ. ನನ್ನದು ಯಳಂದೂರಿನಲ್ಲಿ ನಮ್ಮಮ್ಮನ ಮದುವೆ ಸೀರೆಯ ಮಡಿಕೆಯೊಳಗಿದೆ. ಹಬ್ಬಕ್ಕೆ ಹೋದಾಗ ಹೊಸದನ್ನೆಲ್ಲ ಅದಕ್ಕೆ ಸೇರಿಸಿ ಬರುತ್ತೇನೆ.

ಹೊರಗಿನ ಹಾರ್ಡ್ ಡಿಸ್ಕಿನಲ್ಲೂ ಅದೇ ತಿರುಗುವ ತಟ್ಟೆ ಇರುತ್ತದೆ, ಅದಕ್ಕೂ ಬಿಸಿ ಆಗದು. ಪ್ರತಿ ತೆಗೆದ ಕೂಡಲೇ ಬಿಚ್ಚಿಡಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಹೇಳದೆ ಕೈಕೊಡುತ್ತದೆ.

ಎಲ್ಲವನ್ನೂ ಪ್ರತಿ ಮಾಡಬೇಕೆ? ಬೇಡ. ಯಾವುದು ಮತ್ತೆ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂದು ವಿಂಗಡಿಸಿ. ಪಹಣಿ ಹೋದರೆ ಭೂಮಿ ಕೇಂದ್ರದಲ್ಲಿ ಮತ್ತೆ ಸಿಗುತ್ತದೆ. ಜಾತಿ ಆದಾಯದ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಎಸ್ಸೆಸ್ಸೆಲ್ಸಿ, ಪಿ.ಯು.ಸಿ.ಯ ಈಚಿನ ಅಂಕಪಟ್ಟಿಗಳು 2015ರಲ್ಲಿ ಆರಂಭವಾದ ಡಿಜಿಲಾಕರಿನಲ್ಲಿ ದೊರೆಯುತ್ತವೆ. ಸಿನಿಮಾ, ಹಾಡು ಹೇಗಿದ್ದರೂ ಸಿಗುತ್ತವೆ. ಸಿಗದಿರುವುದು ನಿಮ್ಮ ಮನೆಯ ಫೋಟೊ, ಹಿರಿಯರ ದನಿ, ಸಂಘದ ಲೆಕ್ಕ, ಮಗಳು ಆರು ತಿಂಗಳು ಕೂತು ಬರೆದ ಪ್ರಾಜೆಕ್ಟು. ಪ್ರತಿ ಬೇಕಾದದ್ದು ಇವಕ್ಕೆ.

ಟಕ್ ಟಕ್ ಸದ್ದು ಬಂದರೆ

ಅಂಗೈ ಊರುವ ಜಾಗದ ಕೆಳಗಿನಿಂದ ಬಿಟ್ಟು ಬಿಟ್ಟು ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ತೋಳು ದಾರಿ ತಪ್ಪಿ ತಡಕಾಡುತ್ತಿದೆ ಎಂದರ್ಥ. ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡುವುದು ಉಳುಕಿದ ಕಾಲಲ್ಲಿ ಬೆಟ್ಟ ಹತ್ತಿಸಿದಂತೆ. ಅಂಥ ಡಿಸ್ಕಿನಿಂದ ಫೈಲುಗಳನ್ನು ತೆಗೆದುಕೊಡುವ ತಜ್ಞರು ಬೆಂಗಳೂರಿನಂಥ ಊರುಗಳಲ್ಲಿದ್ದಾರೆ. ಸಾವಿರಗಟ್ಟಲೆ ಖರ್ಚು, ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ. ಆದರೂ ಬೆಲೆಯುಳ್ಳದ್ದು ಒಳಗಿದ್ದರೆ ಅದೇ ದಾರಿ.

ಸದ್ದಿಲ್ಲ, ಬರೀ ನಿಧಾನ ಮತ್ತು ಬಿಸಿ ಎಂದಾದರೆ ಇನ್ನೂ ಸಮಯವಿದೆ. ಬೆಳಿಗ್ಗೆ, ಟೇಬಲ್ ಫ್ಯಾನಿನ ಗಾಳಿ ತಾಗುವಂತೆ ಇಟ್ಟುಕೊಂಡು ಪ್ರತಿ ತೆಗೆಯಲು ಕೂರಿ. ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲು. ಒಮ್ಮೆಗೇ ಎಲ್ಲವನ್ನೂ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ. ನಡುವೆ ಬಿಡುವು ಕೊಡಿ. ತೆಗೆದದ್ದನ್ನು ಪ್ರತಿಯಿಂದಲೇ ಒಮ್ಮೆ ತೆರೆದು ನೋಡಿ, ಸರಿಯಾಗಿ ಬಂದಿದೆಯೇ ಎಂದು.

ಆಮೇಲೆ ಅಂಗಡಿಗೆ ಕೊಡಿ. ಕೊಡುವಾಗ ಮೂರು ಮಾತು ಚೀಟಿಯಲ್ಲಿ ಬರೆದು ಅಂಟಿಸಿ: ‘ನಮ್ಮನ್ನು ಕೇಳದೆ ಏನನ್ನೂ ಅಳಿಸಬೇಡಿ. ಹಳೆಯ ಡಿಸ್ಕು ನಮಗೆ ವಾಪಸು ಬೇಕು. ಬಿಲ್ಲು ಕೊಡಿ.’ ಹಳೆಯ ಡಿಸ್ಕು ಕೆಟ್ಟಿದ್ದರೂ ಗುಜರಿಗೆ ಹಾಕಬೇಡಿ. ಅದರಲ್ಲಿ ನಿಮ್ಮ ಮಗಳ ಫೋಟೊಗಳಿವೆ, ಬ್ಯಾಂಕಿನ ಕಾಗದಗಳಿವೆ. ಯಾರ ಕೈಗೆ ಸಿಕ್ಕೀತೋ ಹೇಳಲಾಗದು. ತಟ್ಟೆಯ ಡಿಸ್ಕಿನ ಬದಲು ಎಸ್.ಎಸ್.ಡಿ. ಹಾಕಿಸಿದರೆ ಹಳೆಯ ಲ್ಯಾಪ್‌ಟಾಪೂ ಚುರುಕಾಗುತ್ತದೆ, ಬಿಸಿಯೂ ಕೊಂಚ ತಗ್ಗುತ್ತದೆ. ಆದರೆ ಅದಕ್ಕೂ ಪ್ರತಿ ಬೇಕೇ ಬೇಕು. ತಟ್ಟೆ ಇಲ್ಲದ ಮಾತ್ರಕ್ಕೆ ಅದು ಚಿರಂಜೀವಿಯಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಬರುವ ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹತ್ತು ಫೋಟೊ, ಒಂದು ದನಿ, ಒಂದು ಲೆಕ್ಕದ ಪುಸ್ತಕ, ಇಷ್ಟನ್ನಾದರೂ ಬೇರೆ ಕಡೆ ಇಟ್ಟು ಏಳಿ. ಮಿಕ್ಕದ್ದು ಮುಂದಿನ ವಾರಕ್ಕಾಯಿತು.